ಕಾಗದ ಹಾಕಿದೇನವ್ವಾ

ದುರ್ಗದಬೈಲ್, ಹುಬ್ಬಳ್ಳಿ
ತಾ. ೧೧ ಫೆಬ್ರುವರಿ ೧೯೩೯, ಶನಿವಾರ

ಪ್ರೀತಿಯ ಶರಣವ್ವನಿಗೆ,

ನಿನ್ನ ಮೈಮುನಾಳ ಸಲಾಮು. ನಾವೆಲ್ಲ ನೆಟ್ಟಗಿದ್ದೇವೆ. ಸೊಲ್ಲಾಪುರದಲ್ಲಿ ಈಗಾಗಲೇ ಬಿಸಿಲು ಏರಿರಬೇಕು. ಗಿರಣಿಯ ದವಾಖಾನೆಯಲ್ಲಿ ನೀನು ದಿನವಿಡೀ ನಿಂತೇ ಇರುತ್ತೀಯೆಂದು ಗೊತ್ತು, ನೆತ್ತಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯುತ್ತೀಯೆಂಬುದೂ ಗೊತ್ತು. ಹಚ್ಚಿಕೋ.

ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ. ಬೈಯುವುದಿದ್ದರೆ ಬೈದುಬಿಡು, ಆಮೇಲೆ ಮುಂದಕ್ಕೆ ಓದು. ತಡವಾದದ್ದಕ್ಕೆ ಕಾರಣಗಳು ಬೇಕಾದಷ್ಟಿವೆ. ಹುಬ್ಬಳ್ಳಿಯ ಸೊಸೆಯಂದಿರೆಲ್ಲ ಮಾತಾಡಿಕೊಂಡವರ ಹಾಗೆ ಈ ಎರಡು ತಿಂಗಳಲ್ಲೇ ಹೆರುತ್ತಿದ್ದಾರೆ. ಹನ್ನೆರಡು ಮಂಚದ ವಾರ್ಡಿನಲ್ಲಿ ಹದಿನೇಳು ಬಾಣಂತಿಯರು. ನಡುವೆ ಬಕ್ರೀದ್ ಬಂತು. ಅಬ್ಬಾ ಅಂಗಡಿಯಲ್ಲಿ ಯಾರದೋ ಸ್ಟೋವ್ ರಿಪೇರಿ ಮಾಡುವಾಗ ಕೈ ಸುಟ್ಟುಕೊಂಡರು. ದಿನಾ ಪಟ್ಟಿ ಕಟ್ಟುವಾಗ, "ಮಗಳು ನರ್ಸ್ ಆದಮ್ಯಾಲೆ ಮೈಮ್ಯಾಲೆ ಒಂದರ ಗಾಯ ಬೇಕವಾ, ಇಲ್ಲಾಂದರ ಕಲಿತದ್ದು ದಂಡ" ಎಂದು ನಗುತ್ತಾರೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ನನ್ನ ಕಾರಣಗಳೂ ಅಷ್ಟೇ ಎಂದುಕೋ.

ಸುದ್ದಿ ಎರಡಿವೆ. ಹಗುರಾದದ್ದು ಮೊದಲು. ನಮ್ಮ ಕಮರುದ್ದೀನ ಕಾಕಾನ ನೆನಪಿದೆಯಲ್ಲ, ನಾವು ಪುಣೆಯಿಂದ ಪಾಸಾಗಿ ಬಂದಾಗ, "ಈ ರಮಜಾನ್‌ದೊಳಗ ಹುಡುಗಿಗೆ ನೌಕರಿ ಸಿಗಲಿಲ್ಲಂದರ ನಿಕಾಹ್ ಮಾಡಿ ಕೈ ತೊಳಕೋರಿ, ವಿಜಾಪುರದಾಗ ವರ ನೋಡೇನಿ" ಎಂದು ಅಬ್ಬಾನ ತಲೆ ತಿಂದವನು. ಆ ವರ ನಲವತ್ತೆರಡು ವರ್ಷದ, ಸುಣ್ಣದ ಭಟ್ಟಿಯ ಮಾಲೀಕ. ನೀನು ಅವನಿಗೆ 'ಸುಣ್ಣದ ಡಬ್ಬಿ' ಎಂದು ಹೆಸರಿಟ್ಟಿದ್ದೆ. ಅದೇ ಕಾಕಾ ಹೋದ ತಿಂಗಳು ತನ್ನ ಸೊಸೆಯನ್ನು ಟಾಂಗಾದಲ್ಲಿ ಕರೆತಂದು ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ನಮ್ಮ ಮೈಮುನಾ ಇದ್ದಾಳಲ್ಲ, ನಮ್ಮ ಮನಿ ಹುಡುಗಿ, ಆಕಿನ್ನ ಕರೀರಿ" ಎಂದ. ಸೊಸೆಯನ್ನು ಲಗುಬಗೆಯಿಂದ ಒಳಗೆ ತೆಗೆದುಕೊಂಡೆ, ಕಾಕಾನನ್ನು ಮಾತ್ರ ಒಂದು ತಾಸು ಬೆಂಚಿನ ಮೇಲೆ ಕೂರಿಸಿದೆ. ಮೊಮ್ಮಗ ಹುಟ್ಟಿದ. ನನ್ನ ತಲೆಯ ಮೇಲೆ ಕೈಯಿಟ್ಟು ಕಾಕಾ ಅತ್ತುಬಿಟ್ಟ. ನಾನು ಗೆದ್ದೆ ಎಂದು ಹಿಗ್ಗಬೇಕಾಗಿತ್ತು, ಆದರೆ ಯಾಕೋ ಹಿಗ್ಗಾಗಲಿಲ್ಲ.

ಇನ್ನೊಂದು ಸುದ್ದಿ ಭಾರದ್ದು. ಹೆಸರು ಕಂಡಕೂಡಲೇ ಕಾಗದ ಮಡಿಚಿ ಇಡಬೇಡ. ನಿನ್ನ ಮಹಾಂತಯ್ಯ ಮಾವ ನಮ್ಮ ಆಸ್ಪತ್ರೆಯಲ್ಲಿದ್ದಾರೆ. ಎದೆಯ ಜಡ್ಡು. ಎರಡೂ ಕಾಲು ಬಾತಿವೆ, ಮಲಗಿದರೆ ಉಸಿರು ಹಿಡಿಯುತ್ತದೆ, ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿದ್ದೇವೆ. ಕಲಿತವಳಿಗೆ ಇಷ್ಟು ಸಾಕು, ಇದರ ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ನಿಮ್ಮೂರು ಮುಗದದಿಂದ ಧಾರವಾಡ ಹತ್ತಿರ, ಅಲ್ಲಿ ದೊಡ್ಡ ದವಾಖಾನೆಯಿದೆ. ಅದನ್ನು ದಾಟಿ ಹುಬ್ಬಳ್ಳಿಗೆ ಯಾಕೆ ಬಂದಿರಿ ಎಂದು ಕೇಳಿದೆ. "ಅಲ್ಲೆ ನಮ್ಮ ಶರಣಿ ಗೆಳತಿ ಇಲ್ಲಲ್ಲವ್ವಾ" ಎಂದರು. ಗಂಡಸರ ವಾರ್ಡಿನಲ್ಲಿ ನನಗೆ ಕೆಲಸವಿಲ್ಲ, ಅಲ್ಲಿ ಕಂಪೌಂಡರ್ ನೋಡಿಕೊಳ್ಳುತ್ತಾನೆ. ಆದರೂ ದಿನಾ ಬೆಳಗ್ಗೆ ನನ್ನ ವಾರ್ಡಿಗೆ ಹೋಗುವ ಮೊದಲು ಅವರ ಹತ್ತಿರ ಹೋಗಿ ಬರುತ್ತೇನೆ. ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಏನೂ ಇಲ್ಲ, ಕಣ್ಣು ಬಾಗಿಲ ಮೇಲೆ. ಮೊದಲಿನ ಮಾವನನ್ನು ಬಲ್ಲವರಿಗೆ ಈಗ ಗುರುತು ಸಿಗುವುದಿಲ್ಲ.

ಸೋದರಮಾವನಾಗಿ ನಿನ್ನನ್ನು ಸಾಕಿದವರು ಅವರು. ಹನ್ನೊಂದು ವರ್ಷಕ್ಕೆ ನಿನ್ನ ಮದುವೆಯಾಗಿ, ಆರು ತಿಂಗಳಿಗೆ ಆ ಹುಡುಗ ಜ್ವರದಲ್ಲಿ ಹೋದಾಗ, "ಅಕ್ಷತಾ ಬಿದ್ದ ದಿನ ಬಿಟ್ಟರ ಗಂಡನ ಮುಖಾ ನೋಡದ ಕೂಸು, ಇದು ವಿಧವಿ ಹೆಂಗ ಆಕ್ಕೈತಿ" ಎಂದು ಊರ ದೈವದ ಹಿರಿಯರ ಮುಂದೆ ಜಗಳ ಮಾಡಿದವರು ಅವರು. ಊರೆಲ್ಲ ನಕ್ಕರೂ ನಿನ್ನನ್ನು ಸಾಲೆಗೆ ಕಳಿಸಿ, ಕೊನೆಗೆ ಪುಣೆಯ ಗಾಡಿ ಹತ್ತಿಸಿದವರು. ಅವರ ಕೂಡ ನೀನು ಒಂದು ವರ್ಷ ನಾಲ್ಕು ತಿಂಗಳಿಂದ ಮಾತಾಡಿಲ್ಲ. ಆ ದಿನದ ಬಗ್ಗೆ ನಾವಿಬ್ಬರೂ ಕಾಗದದಲ್ಲಿ ಒಂದು ಸಾಲೂ ಬರೆದುಕೊಂಡಿಲ್ಲ. ಇವತ್ತು ಬರೆಯುತ್ತೇನೆ, ತಾಳ್ಮೆಯಿಂದ ಓದು.

ಪುಣೆಯ ಮೊದಲ ದಿನ ನೆನಪಿದೆಯೇ? ಸಿಸ್ಟರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ವಾರ್ಡಿನಲ್ಲಿ ಬಳೆ ನಡೆಯುವುದಿಲ್ಲ, ಮೊಣಕೈವರೆಗೆ ತೊಳೆಯಬೇಕು, ತೆಗೆಯಿರಿ ಎಂದಳು. ಮದುವೆಯಾದ ಹುಡುಗಿಯರು ಅತ್ತರು. ನಾನೂ ಅತ್ತೆ, ನನ್ನವು ಹೊಸ ಬಳೆ. ನೀನೊಬ್ಬಳೇ ನಗುತ್ತ ನಿಂತಿದ್ದೆ. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ಕರೆದು, "ಮೈಮುನಾ, ಇಲ್ಲೆ ಎಲ್ಲಾರ ಕೈನೂ ನನ್ನ ಕೈಯಂಗ ಆದುವು. ಯಾರು ಮುತ್ತೈದಿ, ಯಾರು ಅಲ್ಲ, ಯಾರಿಗಿ ತಿಳೀತೈತಿ?" ಎಂದು ನಿನ್ನ ಕಥೆ ಹೇಳಿದೆ. ಮೂರು ವರ್ಷ ಆ ಮಾತು ನನ್ನ ಹೊಟ್ಟೆಯಲ್ಲೇ ಇತ್ತು.

ಪಾಸಾಗಿ ಬಂದಮೇಲೆ ನೌಕರಿಗಾಗಿ ನಾವು ಅಲೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಇಬ್ಬರ ನಡುವೆ ಒಂದೇ ಜೊತೆ ಕರಿಬೂಟು. ಅದೂ ನಿನ್ನದು, ಮಾವ ಬರಿಗಾಲಲ್ಲಿ ದುರ್ಗದಬೈಲಿಗೆ ಬಂದು ನಿನಗೆ ಕೊಡಿಸಿದ್ದು. ಸಂದರ್ಶನಕ್ಕೆ ನೀನು ಹೋದರೆ ನಾನು ಬೇವಿನ ಗಿಡದ ಕೆಳಗೆ ಬರಿಗಾಲು, ನಾನು ಹೋದರೆ ನೀನು ಬರಿಗಾಲು. ಧಾರವಾಡದಲ್ಲೊಬ್ಬ ಮೇಟ್ರನ್ ನನ್ನನ್ನು ಔಷಧದ ಕಪಾಟಿನ ಪಕ್ಕ ನಿಲ್ಲಿಸಿ, "ಇಷ್ಟು ಗಿಡ್ಡಿ ಇದ್ದರ ಮ್ಯಾಲಿನ ಬಾಟ್ಲಿ ಹೆಂಗ ತಗೀತಿ?" ಎಂದಳು. ನಾನು, "ಸ್ಟೂಲ್ ಇಲ್ಲೇನ್ರಿ?" ಎಂದೆ. ಅಲ್ಲಿಗೆ ಆ ನೌಕರಿ ಮುಗಿಯಿತು. ಇನ್ನೊಂದು ಕಡೆ ಮುಸಲ್ಮಾನ ಹುಡುಗಿಗೆ ಬೇರೆ ಅಡಿಗೆಮನೆ ಇಲ್ಲ ಎಂದರು. ಮತ್ತೊಂದು ಕಡೆ ನಿನಗೆ, ದನಿ ಮೆತ್ತಗಿದೆ, ರೋಗಿಗಳು ಹೆದರುವುದಿಲ್ಲ ಎಂದರು. ಐದು ತಿಂಗಳು ಹೀಗೇ ಹೋಯಿತು. ನೀನು ಮುಗದಕ್ಕೆ ಹತ್ತಿರವಿರುವ ನೌಕರಿಯೇ ಬೇಕೆಂದು ಹಟ ಹಿಡಿದಿದ್ದೆ. "ಮಾವಗ ವಯಸ್ಸಾತು, ಕೊನೀಕ ನೀರು ಬಿಡಾಕ ನಾ ಹತ್ರ ಇರಬೇಕು" ಎನ್ನುತ್ತಿದ್ದೆ.

ಆಮೇಲೆ ಈ ಆಸ್ಪತ್ರೆ ತೆರೆಯಿತು. ಅರಳೆ ಸಾಹುಕಾರರು ತಂದೆಯ ಹೆಸರಿನಲ್ಲಿ ಕಟ್ಟಿಸಿದ್ದು, ನರ್ಸಿನ ಜಾಗ ಒಂದೇ. ನಮ್ಮಿಬ್ಬರಿಗೂ ಒಂದೇ ದಿನ ಕರೆ ಬಂತು. ಮಾವ ನಿನ್ನನ್ನು ಕರೆದುಕೊಂಡು ಬಂದರು. ಅರ್ಜಿಯಲ್ಲಿ ನೀನು 'ಮಿಸ್' ಎಂದು ಬರೆದದ್ದಕ್ಕೆ ರೈಲಿನುದ್ದಕ್ಕೂ ಅವರು ನಿನ್ನ ಕೂಡ ವಾದ ಮಾಡಿದ್ದರಂತೆ. "ಸುಳ್ಳು ಯಾಕ ಬರದಿ?" ಎಂದು ಅವರು, "ನೌಕರಿ ಮಾಡೂದು ನನ್ನ ಕೈ, ನನ್ನ ಹಣಿ ಅಲ್ಲ" ಎಂದು ನೀನು. ಕೊನೆಗೆ ಅವರು, "ನಾ ಸುಳ್ಳು ಹೇಳಂಗಿಲ್ಲ, ಆದರ ಬಾಯೂ ತಗಿಯಂಗಿಲ್ಲ" ಎಂದು ಒಪ್ಪಿದ್ದರು.

ಮೊದಲು ನೀನು ಒಳಗೆ ಹೋದೆ, ಬಂದು ಬೂಟು ಬಿಚ್ಚಿ ನನಗೆ ಕೊಟ್ಟೆ, ನಾನು ಹೋದೆ. ಡಾಕ್ಟರು ನಿನ್ನನ್ನೇ ಆರಿಸಿದರು. ನಿನ್ನ ಅಂಕಗಳು ನನಗಿಂತ ಹೆಚ್ಚು, ಅದರಲ್ಲಿ ತಕರಾರಿಲ್ಲ. ನಿಯಮಗಳನ್ನು ತಿಳಿಸಲು ನಿನ್ನನ್ನು ಮತ್ತೆ ಕೋಣೆಗೆ ಕರೆದರು. ಸಾಹುಕಾರರ ತಾಯಿ ಕಾಳವ್ವನವರು ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಖಣ ಜೋಡಿಸಿ ಇಟ್ಟಿದ್ದರು. ಹುಟ್ಟಿದ ಕೂಸನ್ನು ಮೊದಲು ಎತ್ತುವವಳು ನರ್ಸು, ಅವಳು ಮುತ್ತೈದೆಯಾಗಲಿ ಕನ್ಯೆಯಾಗಲಿ, ಉಡಿ ತುಂಬಿಯೇ ಕೆಲಸಕ್ಕೆ ಕರೆದುಕೊಳ್ಳಬೇಕೆಂದು ಅವರ ಆಸೆ. ಮಾವ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಅರ್ಧ ತಾಸಿನಲ್ಲಿ ಎಲ್ಲ ತಿರುಗಿಬಿತ್ತು. ಕಾಳವ್ವನವರು ಕರೆಸಿದ್ದಕ್ಕೆ ಹೋಗಿಬಂದ ಡಾಕ್ಟರು ನಿನ್ನೆದುರು ತಲೆ ತಗ್ಗಿಸಿ, "ನೀವು ವಿಧವೆ ಅಂತ ಗೊತ್ತಾಗಿದೆ. ನನ್ನದೇನೂ ಅಡ್ಡಿಯಿಲ್ಲ, ಆದರೆ ಕಟ್ಟಡ ಅವರದು" ಎಂದರು.

ನೀನು ನೇರವಾಗಿ ಕಟ್ಟೆಯ ಹತ್ತಿರ ಹೋಗಿ, "ಮಾವಾ, ನೀನ ಹೇಳಿದೇನು?" ಎಂದು ಕೇಳಿದೆ. ಅವರು, "ನಾ ಏನೂ ಹೇಳಲಿಲ್ಲವ್ವಾ" ಎಂದರು. ಆದರೆ ನಿನ್ನ ಮುಖ ನೋಡಲಿಲ್ಲ. ನೋಡದಿದ್ದದ್ದನ್ನು ನೀನು ಹಿಡಿದುಕೊಂಡೆ. "ಸುಳ್ಳು ಹೇಳಾಕ ಬರದಾವ, ಇವತ್ತ ಕಲತಿ. ಇನ್ನ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ" ಎಂದು ಬರಿಗಾಲಲ್ಲೇ ಸ್ಟೇಶನ್ನಿನ ಹಾದಿ ಹಿಡಿದೆ. ನಿನ್ನ ಬೂಟು ನನ್ನ ಕಾಲಲ್ಲಿತ್ತು. ಮಾವ ಹಿಂದೆಯೇ ನಡೆದರು, ನೀನು ತಿರುಗಿ ನೋಡಲಿಲ್ಲ.

ಶರಣವ್ವಾ, ಮಾವ ಹೇಳಿಲ್ಲ. ಇದು ನನಗೆ ಖಚಿತವಾಗಿ ತಿಳಿದಿದೆ. ಕಾಳವ್ವನವರ ಬಾಯಿಂದಲೇ ಕೇಳಿದ್ದೇನೆ. ಆ ದಿನ ನಿಮ್ಮ ಊರ ಕಡೆಯ ಹೆಂಗಸೊಬ್ಬಳು ಔಷಧಕ್ಕೆಂದು ಆಸ್ಪತ್ರೆಗೆ ಬಂದಿದ್ದಳಂತೆ. ನಿನ್ನನ್ನು ನೋಡಿ ಗುರುತು ಹಿಡಿದು, ಸುಮ್ಮನಿರಲಾರದೆ ಹೇಳಿಬಿಟ್ಟಳಂತೆ. ಅವಳು ಯಾರೆಂದು ಅವರಿಗೂ ಗೊತ್ತಿಲ್ಲ. ಹೋಗಲಿ, ಅವಳನ್ನು ಹುಡುಕಿ ಏನು ಮಾಡುವುದಿದೆ. ಮುದುಕರ ಮೇಲಿನ ಸಿಟ್ಟು ಬಿಡು. ರಜೆ ಕೇಳು, ಕೊಡದಿದ್ದರೆ ಕೇಳದೆ ಬಾ. ಹೋಟಗಿಯಲ್ಲಿ ಗಾಡಿ ಬದಲಿಸಿದರೆ ವಿಜಾಪುರ, ಗದಗಿನ ಮೇಲೆ ಹುಬ್ಬಳ್ಳಿ. ನಮ್ಮ ಮನೆಯಲ್ಲೇ ಇಳಿದುಕೋ. ನಿನಗೆಂದು ಅಮ್ಮಾ ಬೇರೆ ಒಲೆ ಹೂಡುತ್ತಾಳೆ, ಹೊಸ ಗಡಿಗೆ ತರುತ್ತಾಳೆ.

ಅಮ್ಮಾ ನಿನ್ನನ್ನು ದಿನಾ ನೆನೆಯುತ್ತಾಳೆ. "ಆಕಿ ನಡದ ದಾರ್‍ಯಾಗ ಮುಳ್ಳು ಇರಬಾರದು, ಆಕಿ ಮುಟ್ಟಿದ ರೋಗಿ ಎದ್ದು ಕೂಡಬೇಕು" ಎಂದು ದುವಾ ಬರೆಯಿಸಿದ್ದಾಳೆ, ಅವಳು ಹೇಳಿದಂತೆಯೇ ಬರೆದಿದ್ದೇನೆ. ದೇವರು ನಿನ್ನನ್ನು ತಂಪಾಗಿ ಇಡಲಿ.

ನಿನ್ನ
ಮೈಮುನಾ

ತಾ.ಕ. — ಭಾನುವಾರ, ಮಧ್ಯಾಹ್ನ

ಮೇಲಿನದನ್ನೆಲ್ಲ ನಿನ್ನೆ ಬರೆದು ಲಕೋಟೆಗೆ ಹಾಕಿ ಅಂಟಿಸಿದ್ದೆ. ಈಗ ಲಕೋಟೆ ಹರಿದಿದ್ದೇನೆ. ಬರೆದದ್ದನ್ನು ಹರಿಯುವುದಿಲ್ಲ. ನಾನು ಎಷ್ಟು ಚಂದ ಸುಳ್ಳು ಬರೆಯಬಲ್ಲೆ ಎಂಬುದನ್ನು ನೀನೂ ನೋಡು.

ನಿಮ್ಮ ಊರ ಕಡೆಯ ಹೆಂಗಸು ಯಾರೂ ಬಂದಿರಲಿಲ್ಲ. ಹೇಳಿದವಳು ನಾನು.

ನೀನು ಡಾಕ್ಟರರ ಕೋಣೆಯಲ್ಲಿದ್ದೆ, ಮಾವ ಕಟ್ಟೆಯ ಮೇಲಿದ್ದರು ಎಂದು ಬರೆದೆ. ನಾನೆಲ್ಲಿದ್ದೆ ಎಂದು ಬರೆಯಲಿಲ್ಲ. ಈ ಒಂದು ವರ್ಷ ನಾಲ್ಕು ತಿಂಗಳಲ್ಲಿ ನೀನೂ ಅದನ್ನು ಕೇಳಲಿಲ್ಲ. ಕಾಳವ್ವನವರು ನನ್ನನ್ನು ಒಳಗೆ ಕರೆದಿದ್ದರು. ನೌಕರಿ ಸಿಗದ ಹುಡುಗಿ, ಬೇಸರ ಮಾಡಿಕೊಂಡಾಳೆಂದು ಬೆಲ್ಲ ನೀರು ಕೊಟ್ಟರು. ಉತ್ತತ್ತಿ ಎಣಿಸಿ ಮೊರದಲ್ಲಿ ಇಡು ಎಂದರು. ಇಡುತ್ತಿದ್ದೆ. ಮಾತಿಗೆ ಮಾತು ಬಂದು, "ಯವ್ವಾ, ನಿನ್ನ ಗೆಳತಿ ಭಾಳ ಛಲೋ ಹುಡುಗಿ. ಇಷ್ಟು ವಯಸ್ಸಾದರೂ ಮನ್ಯಾಗ ಲಗ್ನ ಮಾಡಿಲ್ಲಲ್ಲ, ಯಾಕ?" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎಲ್ಲಿಯಾದರೂ ವರ ಹುಡುಕಿ ಕೊಡೋಣವೆಂದೇ ಕೇಳಿದ್ದಿರಬೇಕು.

"ಗೊತ್ತಿಲ್ಲರಿ" ಎಂದರೆ ಸಾಕಿತ್ತು. ನಾನು, "ಆಗಿತ್ತರಿ, ಹನ್ನೊಂದು ವರ್ಷಕ್ಕ. ಗಂಡ ಇಲ್ಲ" ಎಂದೆ. ಬಾಯಿ ತಪ್ಪಿ ಬಂದದ್ದಲ್ಲ. ಬಾಯಿ ತಪ್ಪಿತೆಂದು ನನಗೆ ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ, ಒಮ್ಮೆಯೂ ನಂಬಿಕೆ ಬಂದಿಲ್ಲ. ಉತ್ತತ್ತಿ ಹಿಡಿದುಕೊಂಡು, ಹೇಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ ಹೇಳಿದೆ. ಕಣ್ಣ ಮುಂದೆ ವಿಜಾಪುರದ ಸುಣ್ಣದ ಭಟ್ಟಿ ಇತ್ತು. ರಮಜಾನಿಗೆ ಒಂದು ತಿಂಗಳು ಉಳಿದಿತ್ತು. ಮೂರು ವರ್ಷ ಕಲಿತು ಆ ಮನೆಯ ಪರದೆಯ ಹಿಂದೆ ಕೂರುವುದು ನನ್ನಿಂದಾಗುತ್ತಿರಲಿಲ್ಲ. ಆದರೆ ನೀನು ಕೂಡ ಅಷ್ಟೇ ವರ್ಷ ಕಲಿತಿದ್ದೆ, ನಿನಗೂ ಹೋಗಲು ಬೇರೆ ಜಾಗವಿರಲಿಲ್ಲ.

ನಮ್ಮಲ್ಲಿ ಗಂಡ ಹೋದವಳನ್ನು ಯಾರೂ ಕೂಸಿನಿಂದ ದೂರ ಇಡುವುದಿಲ್ಲ. ನಮ್ಮ ಅಜ್ಜಿಗೆ ಎರಡು ನಿಕಾಹ್ ಆಗಿದ್ದವು, ಓಣಿಯ ಮಕ್ಕಳನ್ನೆಲ್ಲ ಎತ್ತಿದವಳು ಅವಳೇ. ಗಂಡ ಇಲ್ಲ ಎಂಬ ಮಾತಿಗೆ ಕಾಳವ್ವನವರ ಮನೆಯಲ್ಲಿ ಎಷ್ಟು ತೂಕವಿದೆಯೆಂದು ನನಗೆ ತಿಳಿದದ್ದು ನಿನ್ನಿಂದ, ಆ ಒಗೆಯುವ ಕಲ್ಲಿನ ಹತ್ತಿರ. ನೀನು ಕಲಿಸಿದ್ದನ್ನೇ ನಿನ್ನ ಮೇಲೆ ಹಾಕಿದೆ. ಕಾಳವ್ವನವರು, "ಪಾಪ, ಶಿವಾ" ಎಂದು ಮೊರವನ್ನು ಪಕ್ಕಕ್ಕೆ ಸರಿಸಿದರು. ಸಂಜೆ ಅದೇ ಮೊರ ತಂದು, "ನಿಮ್ಮಲ್ಲಿ ಕುಂಕುಮ ನಡಿಯಂಗಿಲ್ಲ, ಹೂವರ ಮುಡಕೋ" ಎಂದು ನನ್ನ ಉಡಿ ತುಂಬಿದರು. ನಿನ್ನ ಬೂಟಿನಲ್ಲೇ ನಿಂತು ತುಂಬಿಸಿಕೊಂಡೆ. ಮೊದಲ ಸಂಬಳ ಬರುವವರೆಗೆ ಅದೇ ಬೂಟಿನಲ್ಲಿ ವಾರ್ಡಿನಲ್ಲಿ ಓಡಾಡಿದೆ. ಅದನ್ನು ಕಳಿಸೆಂದು ನೀನು ಬರೆಯಲಿಲ್ಲ, ನಾನೂ ಕಳಿಸಲಿಲ್ಲ.

ಇನ್ನೂ ಇದೆ. ಮಾವನಿಗೆ ಇದು ಮೊದಲಿನಿಂದಲೂ ಗೊತ್ತು.

ಹೋದ ತಿಂಗಳು ಆಸ್ಪತ್ರೆಗೆ ಬಂದ ಮರುದಿನವೇ ಅವರು ನನಗೆ ಹೇಳಿದರು. ನನ್ನ ಮಾತು ಕೇಳಿದಮೇಲೆ ಕಾಳವ್ವನವರು ಕಟ್ಟೆಗೆ ಬಂದು, "ಅಯ್ಯನವರ, ನಿಮ್ಮ ಹುಡುಗಿ ಗೆಳತಿ ಹಿಂಗ ಹೇಳತಾಳ, ಖರೇ ಏನ್ರಿ?" ಎಂದು ಕೇಳಿದ್ದರಂತೆ. ಮಾವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವರಿಗೆ ಸುಳ್ಳು ಬರುವುದಿಲ್ಲ. ತಲೆ ತಗ್ಗಿಸಿದರು. ಅದೇ ತಗ್ಗಿಸಿದ ತಲೆಯನ್ನು ಆಮೇಲೆ ನೀನು ಕಂಡದ್ದು.

"ಮಾವ, ಆಕಿ ನಿಮ್ಮ ಮ್ಯಾಲೆ ಬಿದ್ದಾಗ ನನ್ನ ಹೆಸರು ಯಾಕ ಹೇಳಲಿಲ್ಲರಿ?" ಎಂದೆ. ಅವರು ಉಸಿರಿಗೆ ನಡುನಡುವೆ ನಿಲ್ಲುತ್ತ ಹೇಳಿದರು: "ನೌಕರಿ ಅಂತೂ ಹೋಗಿತ್ತವ್ವಾ. ಗೆಳತೀನೂ ಹೋದಳಂದರ ಆಕಿಗೆ ಏನ ಉಳೀತು? ನಾ ಮುದಕ, ಇವತ್ತಿಲ್ಲ ನಾಳೆ ಹೋಗಾಂವ. ನೀ ಆಕಿ ವಾರಗಿಯಾಕಿ." ಆಮೇಲೆ, "ನೀ ಖರೇ ಹೇಳಿದಿ, ನಾ ಸುಳ್ಳು ಹೇಳಲಿಲ್ಲ. ಇಬ್ಬರೂ ಕೂಡಿ ಕೂಸಿನ ಕುತ್ತಿಗಿ ಕೊಯ್ದಿವಿ. ಜನ್ಮದಾಗ ಒಂದ ಸುಳ್ಳು ಹೇಳಬೇಕಾಗಿತ್ತು ನಾನು" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ, "ಶರಣಿಗೆ ಒಂದು ಕಾಗದ ಹಾಕವ್ವಾ. ಒಮ್ಮಿ ಬಂದು ಮುಖಾ ತೋರಿಸು ಅಂತ ಬರಿ. ನನ್ನ ಮಾತು ನಂಬಂಗಿಲ್ಲ, ನಿನ್ನ ಮಾತು ನಂಬತಾಳ. ಆದರ ನೀ ಹೇಳಿದ್ದಂತ ಮಾತ್ರ ಬರಿಬ್ಯಾಡ, ಯಾರರ ಒಬ್ಬಾಕಿ ಹೆಸರು ಮಾಡು" ಎಂದರು. ಸುಳ್ಳು ಬರದ ಮನುಷ್ಯ ನಿನ್ನ ಸಲುವಾಗಿ ನನಗೆ ಸುಳ್ಳು ಹೇಳಿಕೊಟ್ಟರು. ನಿನ್ನೆ ನಾನು ಬರೆದದ್ದು ಅದನ್ನೇ.

ಇದೆಲ್ಲ ಆಗಿ ಇವತ್ತಿಗೆ ಇಪ್ಪತ್ತು ದಿನ. ಕಾಗದ ತಡವಾದದ್ದು ಬಾಣಂತಿಯರಿಂದಲ್ಲ, ಬಕ್ರೀದಿನಿಂದಲ್ಲ, ಅಬ್ಬಾನ ಕೈಯಿಂದಲ್ಲ. ನೀನು ಬಂದು ಅವರ ಎದುರು ಕೂತರೆ ಮಾತು ಆ ದಿನಕ್ಕೆ ಹೋಗಿಯೇ ಹೋಗುತ್ತದೆ, ಆ ದಿನಕ್ಕೆ ಹೋದರೆ ನನ್ನ ಹತ್ತಿರ ಬಂದೇ ಬರುತ್ತದೆ ಎಂದು ಹೆದರಿದೆ. ಇಷ್ಟೇ ಕಾರಣ. ದಿನಾ ಬೆಳಗ್ಗೆ ನಾನು ಹೋದಕೂಡಲೇ ಅವರು, "ಕಾಗದ ಹಾಕಿದೇನವ್ವಾ?" ಎನ್ನುತ್ತಿದ್ದರು. ಮೊದಲ ದಿನವೇ ನಾನು, "ಹಾಕೇ‌ನ್ರಿ" ಎಂದುಬಿಟ್ಟೆ. ಆಮೇಲೆ, "ಮುಟ್ಟಿರಬೇಕಲ್ಲ?" ಎಂದರು. "ಮುಟ್ಟಿರತೈತ್ರಿ" ಎಂದೆ. ಮತ್ತೆ ಮೂರು ದಿನಕ್ಕೆ, "ಇನ್ನೊಂದು ಹಾಕಿ ನೋಡತೀಯೇನು?" ಎಂದರು. ಅದಕ್ಕೂ ಹೂಂ ಎಂದೆ. ಮೊನ್ನೆ ಪಕ್ಕದ ಮಂಚದವರಿಗೆ ಅವರು ಹೇಳುವುದು ಕೇಳಿಸಿತು: "ಎರಡು ಕಾಗದ ಮುಟ್ಟಿದುವು. ಬರಂಗಿಲ್ಲಂತ ಕಾಣತೈತಿ. ಸಿಟ್ಟು ಆರಿಲ್ಲ ಕೂಸಿಗೆ." ನಿನಗೆ ಒಂದೂ ಮುಟ್ಟಿಲ್ಲ ಶರಣವ್ವಾ. ನೀನು ಓದಿಯೂ ಬರಲಿಲ್ಲವೆಂದು ಅವರು ತಿಳಿದಿದ್ದಾರೆ.

ಇದಕ್ಕಿಂತ ಮೊದಲು ನಿನಗೆ ನನ್ನ ತಂತಿ ಮುಟ್ಟಿರುತ್ತದೆ. ಅದರಲ್ಲಿ, ಮಾವನಿಗೆ ಜಡ್ಡು, ಹೊರಟು ಬಾ ಎಂದಷ್ಟೇ ಇರುತ್ತದೆ. ಅದನ್ನು ನೋಡಿ ನೀನು ಹೊರಡದಿದ್ದರೆ ಇದನ್ನು ಓದಿಯಾದರೂ ಹೊರಡು. ಗಂಡಸರ ವಾರ್ಡು, ಕಿಟಕಿಯ ಕಡೆಯಿಂದ ಮೂರನೆಯ ಮಂಚ. ನಮ್ಮ ಮನೆಯಲ್ಲಿ ಇಳಿದುಕೋ ಎಂದು ಮೇಲೆ ಬರೆದದ್ದನ್ನು ಬಿಡು. ನನ್ನ ಮುಖ ನೋಡಬೇಕಾಗಿಲ್ಲ, ನೀನು ಬರುವ ಹೊತ್ತಿಗೆ ನಾನು ಎದುರಿಗೆ ಬರುವುದಿಲ್ಲ. ಬೂಟು ಒರೆಸಿ ಕಂಪೌಂಡರನ ಹತ್ತಿರ ಇಟ್ಟಿದ್ದೇನೆ.

ಈಗ ಸ್ಟೇಶನ್ನಿಗೆ ಹೋಗಿ ತಂತಿ ಕೊಟ್ಟು, ಇದನ್ನೂ ಅಲ್ಲಿಯ ಡಬ್ಬಿಗೆ ಹಾಕುತ್ತೇನೆ. ಹಾಕಿ ಬಂದು ಅವರ ಮುಂದೆ ನಿಂತು ಇಪ್ಪತ್ತು ದಿನದ್ದನ್ನೂ ಹೇಳುತ್ತೇನೆ. ಅವರಿಗೆ ಕೇಳುವಷ್ಟು ತ್ರಾಣವಿರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಇವತ್ತು ಬೆಳಗ್ಗೆ ಎಂದಿನಂತೆ ಹೋಗಿ ಮಂಚದ ಹತ್ತಿರ ನಿಂತೆ. ಕಣ್ಣು ತೆರೆದು ನನ್ನನ್ನು ನೋಡಿದರು, ಗುರುತೂ ಹಿಡಿದರು. ಬಹಳ ಹೊತ್ತು ನಿಂತಿದ್ದೆ. ಕಾಗದ ಹಾಕಿದೆಯಾ ಎಂದು ಇವತ್ತು ಅವರು ಕೇಳಲಿಲ್ಲ.